ಬಸವಪ್ರಭುವಿನ ಹಿಮದ ಹಾಡುಗಳು

ಬಸವಪ್ರಭು ಬಂದು ಲ್ಯಾಪ್‌ಟಾಪ್ ಕೇಳಿದನೆಂದರೆ ಆ ಮನುಷ್ಯನ ಕಥೆ ಮುಗಿಯಿತು. ಮಸ್ಕತ್ತಿನ ಬೌಷರ್ ಕಡೆಯ ಆ ಆಫೀಸಿನಲ್ಲಿ ಈ ಮಾತನ್ನು ಯಾರು ಶುರು ಮಾಡಿದರೋ ಗೊತ್ತಿಲ್ಲ. 2016ರ ಹೊತ್ತಿಗೆ ಚಹಾ ಮಾಡುವವನಿಂದ ಹಿಡಿದು ಲೆಕ್ಕಪತ್ರದ ಮೇಲಧಿಕಾರಿಯವರೆಗೆ ಎಲ್ಲರಿಗೂ ಬಾಯಿಪಾಠವಾಗಿತ್ತು. ಅವನು ಲಿಫ್ಟಿಗೆ ಕಾಲಿಟ್ಟರೆ ಒಳಗಿದ್ದವರಿಗೆ ತಟ್ಟನೆ ಏನೋ ಮರೆತದ್ದು ನೆನಪಾಗಿ, ಇಳಿದು ಮೆಟ್ಟಿಲ ಕಡೆ ನಡೆದುಬಿಡುತ್ತಿದ್ದರು. ಯಾರದಾದರೂ ಮೇಜಿನ ಬಳಿ ನಿಂತನೆಂದರೆ ಆಚೀಚಿನ ಕೀಬೋರ್ಡುಗಳ ಸದ್ದು ಅಡಗುತ್ತಿತ್ತು. ಪಾಪ, ಮನುಷ್ಯನೇನು ಕಟುಕನಲ್ಲ. ಗದಗಿನ ಹತ್ತಿರದ ನರೇಗಲ್ಲಿನವನು. ದಿನಾ ಹಣೆಗೆ ವಿಭೂತಿ ಹಚ್ಚಿ, ಹೆಂಡತಿ ತ್ರಿವೇಣಿ ಕಟ್ಟಿಕೊಟ್ಟ ಬುತ್ತಿ ಹಿಡಿದು ಬರುವವನು, ಯಾರ ಗೊಡವೆಗೂ ಹೋಗದ ಜೀವ. ಆದರೆ ಅವನು ಕಂಪ್ಯೂಟರ್ ವಿಭಾಗದ ಮುಖ್ಯಸ್ಥ, ಎಡವಟ್ಟು ಆದದ್ದೇ ಅಲ್ಲಿ.

ತೈಲಬಾವಿಗಳಿಗೆ ಪಂಪು, ವಾಲ್ವು ಒದಗಿಸುವ ಕಂಪನಿ ಅದು. ಎಣ್ಣೆಯ ಬೆಲೆ ನೆಲ ಕಚ್ಚಿದ ಮೇಲೆ ಬಾವಿ ತೋಡುವವರೇ ಕೈಕಟ್ಟಿ ಕೂತರು. ಇನ್ನು ಪಂಪು ಯಾರಿಗೆ ಬೇಕು? ಮೊದಲು ಓವರ್‌ಟೈಮ್ ನಿಂತಿತು, ಆಮೇಲೆ ವರ್ಷಕ್ಕೊಮ್ಮೆ ಊರಿಗೆ ಕೊಡುವ ವಿಮಾನದ ಖರ್ಚು, ಆಮೇಲೆ ಜನರನ್ನೇ ತೆಗೆಯತೊಡಗಿದರು. ಯಾರನ್ನು ತೆಗೆಯುವುದಿದ್ದರೂ ಎಚ್.ಆರ್. ಕಚೇರಿಯಿಂದ ಬಸವಪ್ರಭುವಿನ ಕಂಪ್ಯೂಟರಿಗೆ ಕೆಲವು ದಿನ ಮುಂಚಿತವಾಗಿ ಒಂದು ಆದೇಶ ಬರುತ್ತಿತ್ತು. ಇಂಥವರ ಮೇಲ್, ಪಾಸ್‌ವರ್ಡ್, ಬಾಗಿಲಿನ ಕಾರ್ಡು ಇಂಥ ಬೆಳಿಗ್ಗೆ ಬಂದ್ ಮಾಡತಕ್ಕದ್ದು. ಅದಕ್ಕೆ ಅವರು ಟಿಕೆಟ್ ಎನ್ನುತ್ತಿದ್ದರು. ಟಿಕೆಟ್ ಬಂದದ್ದನ್ನು ಯಾರಿಗೂ ಬಾಯಿ ಬಿಡುವಂತಿಲ್ಲ, ಬಿಟ್ಟರೆ ಮುಂದಿನ ಟಿಕೆಟ್ ಅವನದೇ. ಹೀಗಾಗಿ ಎದುರಿಗೆ ಕೂತು ನಗುತ್ತ ಚಹಾ ಕುಡಿಯುವವನ ದಿನ ತುಂಬಿದೆಯೆಂದು ಅವನಿಗಿಂತ ಮೊದಲೇ ಬಸವಪ್ರಭುವಿಗೆ ಗೊತ್ತಿರುತ್ತಿತ್ತು.

ಮೊದಲ ಸಲ ಟಿಕೆಟ್ ಬಂದಾಗ ಹೇಳಿದ್ದನ್ನು ಹೇಳಿದಂತೆ ಮಾಡಿದ. ಹೋಗಬೇಕಾದವನು ಮೊಯ್ದು, ನಕ್ಷೆ ಬರೆಯುವ ಹಳೆಯ ಡ್ರಾಫ್ಟ್ಸ್‌ಮನ್. ಮಗಳ ನಿಕಾಹದ ಫೋಟೋಗಳೆಲ್ಲ ಆಫೀಸಿನ ಲ್ಯಾಪ್‌ಟಾಪಿನಲ್ಲೇ ಇದ್ದವು. ಗಲ್ಫಿನಲ್ಲಿ ಹೆಚ್ಚಿನವರು ಹೀಗೆಯೇ; ಮನೆಗೆಂದು ಬೇರೆ ಕಂಪ್ಯೂಟರ್ ಯಾರು ಕೊಳ್ಳುತ್ತಾರೆ, ಇಡೀ ಸಂಸಾರ ಕಂಪನಿಯ ಯಂತ್ರದಲ್ಲಿ. ಒತ್ತಿದ ಒಂದು ಗುಂಡಿಗೆ ಅದೆಲ್ಲ ಹೋಯಿತು. ಮೊಯ್ದು ಬೈಯಲಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವನು ಹೋದ ಮೇಲೆ ಬಸವಪ್ರಭುವಿಗೆ ಎರಡು ದಿನ ಊಟ ಸೇರಲಿಲ್ಲ.

ಆಮೇಲೆ ಅವನೊಂದು ಉಪಾಯ ಮಾಡಿಕೊಂಡ. ಟಿಕೆಟ್ ಬಂದ ಕೂಡಲೇ ಅವರ ಮೇಜಿಗೆ ಹೋಗಿ, 'ಸ್ವಲ್ಪ ಅಪ್‌ಡೇಟ್ ಮಾಡೂದೈತ್ರಿ' ಎಂದು ಲ್ಯಾಪ್‌ಟಾಪ್ ತರುತ್ತಿದ್ದ. ಮಕ್ಕಳ ಫೋಟೋ, ಊರಿನ ಮನೆಯ ನಕ್ಷೆ, ಸತ್ತುಹೋದ ತಂದೆಯ ದನಿಯ ರೆಕಾರ್ಡು, ಏನಿದ್ದರೂ ಒಂದು ಪೆನ್‌ಡ್ರೈವಿಗೆ ತುಂಬಿಸಿ, ಹೊರಡುವ ದಿನ ಅವರ ಕೈಯಲ್ಲಿಡುತ್ತಿದ್ದ. ಉಳಿದ ಜಾಗದಲ್ಲಿ ತನ್ನ ಕಡೆಯ ಕಾಣಿಕೆಯೆಂದು ಆ ವರ್ಷದ ತನ್ನ ಮೆಚ್ಚಿನ ಆಲ್ಬಮ್‌ಗಳನ್ನೂ ಸೇರಿಸುತ್ತಿದ್ದ. ಮಾಡಿದ್ದು ಉಪಕಾರವೇ, ಇಲ್ಲವೆನ್ನುವವರಿಲ್ಲ. ಆದರೆ ಜನ ದಡ್ಡರೇ? ಇವನು ಲ್ಯಾಪ್‌ಟಾಪ್ ಒಯ್ದವರೆಲ್ಲ ವಾರದೊಳಗೆ ವಿಮಾನ ಹತ್ತುವುದನ್ನು ನೋಡಿ ಲೆಕ್ಕ ಕೂಡಿಸಿದರು. ಅವನು ಕಾರಿಡಾರಿನಲ್ಲಿ ಗುನುಗುವ ರಾಗ ಕೇಳಿದರೇ ಎದೆ ಧಸಕ್ಕೆನ್ನುವ ಹಾಗಾಯಿತು.

ರಾಗವಾದರೂ ಎಂಥದ್ದು! ವಚನವಲ್ಲ, ಸಿನಿಮಾದ್ದಲ್ಲ. ಸ್ವೀಡನ್, ನಾರ್ವೆ, ಡೆನ್ಮಾರ್ಕ್, ಐಸ್‌ಲ್ಯಾಂಡಿನ ಮೂಲೆಮೂಲೆಯ ಸಣ್ಣ ತಂಡಗಳು, ದೊಡ್ಡ ಕಂಪನಿಗಳ ಹಂಗಿಲ್ಲದೆ ತಾವೇ ಹಾಡಿ ತಾವೇ ಹೊರತರುವ ಇಂಡೀ ಸಂಗೀತ ಇವನ ಹುಚ್ಚು. ಈ ಹುಚ್ಚು ಹಿಡಿದದ್ದು ಒಮಾನಿಗೆ ಬಂದ ಹೊಸತರಲ್ಲಿ, ಮರುಭೂಮಿಯ ಕ್ಯಾಂಪಿನಲ್ಲಿದ್ದಾಗ. ನಾರ್ವೆಯ ಎಂಜಿನಿಯರನೊಬ್ಬ ವರ್ಗವಾಗಿ ಹೋಗುವಾಗ ತನ್ನ ಹಾರ್ಡ್‌ಡಿಸ್ಕನ್ನು ಇವನ ಬಳಿ ಬಿಟ್ಟುಹೋದ. ಹೊರಗೆ ಬಿಸಿಲಿಗೆ ಕಬ್ಬಿಣದ ಬಾಗಿಲು ಮುಟ್ಟಲಾಗದು. ಒಳಗೆ ಇಯರ್‌ಫೋನಿನಲ್ಲಿ ಒಬ್ಬ ಹುಡುಗಿ ಹಿಮ ಬಿದ್ದ ಬೀದಿಯಲ್ಲಿ ನಡೆದಂತೆ ತಣ್ಣಗೆ ಹಾಡುತ್ತಿದ್ದಾಳೆ. ಭಾಷೆ ತಿಳಿಯದು, ಹಿಮ ಕಂಡವನಲ್ಲ. ಆದರೂ ಊರು ಬಿಟ್ಟು ಬಂದ ಮೇಲೆ ಮೊದಲ ಬಾರಿಗೆ ಅವನಿಗೆ ಕಣ್ಣು ತುಂಬಿಬಂದದ್ದು ಅಂದೇ. ಅಲ್ಲಿಂದ ಇಲ್ಲಿಯವರೆಗೆ ಆ ದೇಶಗಳ ಯಾವ ಹಳ್ಳಿಯ ಯಾವ ಕೊಟ್ಟಿಗೆಯಲ್ಲಿ ಯಾರು ಗಿಟಾರ್ ಹಿಡಿದರೂ ಇವನಿಗೆ ಸುದ್ದಿ ಬರಬೇಕು. ಹಾಡುಗಾರರ ಹೆಸರು ನಾಲಗೆಗೆ ಹೊರಳದು. ಹಾಗಾಗಿ ಆಲ್ಬಮ್‌ಗಳಿಗೆಲ್ಲ ತಾನೇ ಕನ್ನಡದಲ್ಲಿ ಹೆಸರಿಟ್ಟುಕೊಂಡಿದ್ದ. ಅವನ ಮಗಳು ಶಾಲ್ಮಲಾ 'ಅಪ್ಪಾ, ಯು ಆರ್ ಸೋ ವಿಯರ್ಡ್' ಎಂದು ನಗುತ್ತಿದ್ದಳು, ಅವನಿಗೆ ಅದು ಹೊಗಳಿಕೆಯಾಗಿಯೇ ಕೇಳುತ್ತಿತ್ತು.

ಡಿಸೆಂಬರ್ ಬಂತೆಂದರೆ ವರ್ಷದ ಹತ್ತು ಶ್ರೇಷ್ಠ ಆಲ್ಬಮ್‌ಗಳನ್ನು ಆರಿಸುವುದು ಅವನ ಪಾಲಿನ ವ್ರತ. ಆರಿಸಿದ ಮೇಲೆ ಅವು ಹತ್ತನೆಯದರಿಂದ ಹಿಮ್ಮುಖವಾಗಿ, ದಿನಕ್ಕೊಂದರಂತೆ, ಆಫೀಸಿನಿಂದ ಮನೆಗೆ ಹೋಗುವ ಕಾರಿನಲ್ಲಿ ಬಿಡುಗಡೆಯಾಗಬೇಕು. ಮನೆ ಅಲ್ ಅಮೇರಾತ್‌ನಲ್ಲಿ. ಬೌಷರ್‌ನಿಂದ ಕರಿಬೆಟ್ಟ ಕಡಿದು ಮಾಡಿದ ದಾರಿ, ಏರುವಾಗ ಎಂಜಿನ್ ನರಳುತ್ತದೆ, ಇಳಿಯುವಾಗ ಬ್ರೇಕ್ ವಾಸನೆ ಬರುತ್ತದೆ. ಬ್ರೇಕ್ ತಪ್ಪಿದ ಗಾಡಿಗಳಿಗೆಂದು ಅಲ್ಲಲ್ಲಿ ಜಲ್ಲಿ ತುಂಬಿದ ಪಕ್ಕದಾರಿ ಮಾಡಿಟ್ಟಿದ್ದಾರೆ. ಆ ಬೆಟ್ಟ ಹತ್ತಿ ಇಳಿಯುವಷ್ಟು ಹೊತ್ತು ಬೇಸರ ತರಿಸದಿದ್ದರೆ ಮಾತ್ರ ಆಲ್ಬಮ್ ಪಾಸು. ಹಾಡುಗಳೆಲ್ಲ ಇರುತ್ತಿದ್ದುದು ಅವನ ಆಫೀಸಿನ ಲ್ಯಾಪ್‌ಟಾಪಿನಲ್ಲಿ. ಸಂಜೆ ಹೊರಡುವ ಮುನ್ನ ಅಂದಿನ ಒಂದನ್ನು ಮಾತ್ರ ಪೆನ್‌ಡ್ರೈವಿಗೆ ಹಾಕಿಕೊಂಡು ಕೆಳಗಿಳಿಯುವನು. ನಾಳಿನದು ಏನೆಂದು ತಲೆ ಹೋದರೂ ಬಾಯಿ ಬಿಡುತ್ತಿರಲಿಲ್ಲ.

ಈ ಶಿಕ್ಷೆಯನ್ನು ಅವನ ಜೊತೆ ಅನುಭವಿಸುತ್ತಿದ್ದವರು ಇಬ್ಬರು. ಒಬ್ಬ ಬೋಜ, ಮೂಲ್ಕಿಯವನು, ಕಂಪನಿಯ ಸ್ಟೋರ್ಸ್ ನೋಡಿಕೊಳ್ಳುವವನು. ಮೊದಲ ದಿನವೇ ಪ್ರಭು ಎಂಬ ಹೆಸರು ಕೇಳಿ ಕೊಂಕಣಿಯವರೆಂದು ತಿಳಿದು, 'ನಿಮ್ಮದು ಕಾರ್ಕಳವಾ?' ಎಂದು ಕೇಳಿ ಬೇಸ್ತುಬಿದ್ದವನು. ಅಂದಿನಿಂದ ಅಣ್ಣ ಎಂದು ಹಚ್ಚಿಕೊಂಡುಬಿಟ್ಟಿದ್ದ. ಕಾರಿನಲ್ಲಿ ಮುಂದಿನ ಸೀಟು ಅವನದೇ. ಇನ್ನೊಬ್ಬಳು ಗ್ರೆಟ್ಟಾ, ಮಂಗಳೂರಿನ ಬೆಂದೂರಿನವಳು, ಎಚ್.ಆರ್. ಕಚೇರಿಯಲ್ಲಿ ಕಾಗದ ಪತ್ರದ ಕೆಲಸ. ಅವಳು ಹಿಂದೆ ಕೂತು ಜಪಸರ ಎಣಿಸುತ್ತಲೋ ತೂಕಡಿಸುತ್ತಲೋ ಇರುವಳು. ಕಾರಿನೊಳಗೆ ಆಫೀಸಿನ ವಿಷಯ ಎತ್ತಬಾರದೆಂದು ಮೂವರ ನಡುವೆ ಮೊದಲಿನಿಂದಲೂ ಕಟ್ಟುಪಾಡಿತ್ತು.

ಆ ಡಿಸೆಂಬರಿನಲ್ಲಿ ಹತ್ತನೆಯದಾಗಿ ಬಂದದ್ದು ಡೆನ್ಮಾರ್ಕಿನ ಯಾವುದೋ ದ್ವೀಪದ ಹುಡುಗ ಅಜ್ಜಿಯ ಅಡುಗೆಮನೆಯಲ್ಲಿ ಕೂತು ಹಾಡಿದ್ದು. ಬಸವಪ್ರಭು ಅದಕ್ಕೆ 'ಕೆಟಲ್' ಎಂದು ಹೆಸರಿಟ್ಟಿದ್ದ, ಮೂರನೆಯ ಹಾಡಿನಲ್ಲಿ ನೀರು ಕುದಿಯುವ ಸದ್ದು ಕೇಳುತ್ತಿತ್ತು. ಏಳನೆಯದು ಸ್ವೀಡನ್ನಿನ ನಾಲ್ವರು ಹೆಂಗಸರದು, ಪಾಳುಬಿದ್ದ ಇಗರ್ಜಿಯ ಆರ್ಗನ್ ನುಡಿಸಿದ್ದು. ಅಂದು ಮಾತ್ರ ಗ್ರೆಟ್ಟಾ ಕಣ್ಣು ಬಿಟ್ಟು ಕೂತಿದ್ದಳು. ಐದನೆಯದರಲ್ಲಿ ಹಾಡೇ ಇಲ್ಲ, ಐಸ್‌ಲ್ಯಾಂಡಿನ ಸರೋವರದ ಮಂಜುಗಡ್ಡೆ ಬಿರಿಯುವ ಶಬ್ದಕ್ಕೆ ಪಿಟೀಲು ಸೇರಿಸಿದ್ದರು.

"ಎಂತ ಅಣ್ಣ ಇದು, ಯಾರೋ ಫ್ರಿಜ್ಜಿನ ಬಾಗಿಲು ಹಾಕಲಿಕ್ಕೆ ಮರೆತ ಹಾಗೆ ಉಂಟಲ್ಲ!" ಎಂದ ಬೋಜ.

"ಕಿವಿ ಇದ್ದವ್ರಿಗೆ ಹೇಳಬೇಕೋ ತಮ್ಮಾ, ನಿನಗಲ್ಲ. ಆ ಬಿರಿಯೂ ಸಪ್ಪಳದಾಗ ಎಷ್ಟು ಅಂಜಿಕಿ ಐತಿ ಕೇಳು. ಕಾಲ ಕೆಳಗಿನ ನೆಲಾನ ಒಡದಂಗ."

"ಅಂಜಿಕೆಗೆ ದುಡ್ಡು ಕೊಟ್ಟು ಹಾಡು ಬೇಕಾ ಮಾರಾಯ್ರೆ? ಆಫೀಸಿಗೆ ಬಂದರೆ ಫ್ರೀ ಸಿಕ್ತದೆ" ಎಂದು ಬೋಜ ನಕ್ಕ. ಗ್ರೆಟ್ಟಾ ನಗಲಿಲ್ಲ. ಕನ್ನಡಿಯಲ್ಲಿ ಅವಳ ಮುಖ ಕಂಡ ಬಸವಪ್ರಭು, ಮೇಡಮ್ಮನಿಗೆ ತಲೆಶೂಲೆಯಿರಬೇಕೆಂದು ದನಿ ತಗ್ಗಿಸಿದ.

ಆ ತಿಂಗಳು ಒಂದೇ ಒಂದು ಟಿಕೆಟ್ ಬಂದಿರಲಿಲ್ಲ. ಮೊದಲಿಗೆ ಅವನಿಗೇ ನಂಬಿಕೆಯಾಗಲಿಲ್ಲ. ಬೆಳಿಗ್ಗೆ ಬಂದವನೇ ಟಿಕೆಟ್ಟುಗಳ ಪಟ್ಟಿ ತೆರೆದು ನೋಡುವುದು, ಖಾಲಿ ಕಂಡು ಉಸಿರು ಬಿಡುವುದು. ಬೇರೆ ಕಂಪನಿಗಳಲ್ಲಿ ಜನರನ್ನು ಕಳಿಸುತ್ತಿದ್ದಾರೆಂಬ ಸುದ್ದಿ ದಿನಾ ಬರುತ್ತಿತ್ತು. ಅಮೇರಾತ್‌ನ ಅವನ ಕಟ್ಟಡದಲ್ಲೇ ಮನೆಗಳು ಖಾಲಿಯಾಗಿ, ಕೆಳಗಿನ ಕಸದ ತೊಟ್ಟಿಯ ಪಕ್ಕ ಮಂಚ, ಹಾಸಿಗೆ, ಮಕ್ಕಳ ಸೈಕಲ್ಲು ಬಿದ್ದಿರುತ್ತಿದ್ದವು. ಇವರ ಆಫೀಸಿನಲ್ಲಿ ಮಾತ್ರ ಎಲ್ಲ ತಣ್ಣಗೆ. ಇನ್ನು ಗಂಡಾಂತರ ಕಳೆಯಿತು, ಬೇಡದವರನ್ನೆಲ್ಲ ಕಳಿಸಿ ಆಯಿತು ಎಂದು ಬಸವಪ್ರಭು ಒಳಗೊಳಗೇ ತೀರ್ಮಾನಿಸಿದ. ತನಗೆ ತಿಳಿಯದೆ ಏನೂ ಆಗದೆಂಬ ಸಣ್ಣ ಗತ್ತು ಅವನಿಗೆ ಯಾವಾಗ ಅಂಟಿತೋ ಅವನಿಗೇ ಗೊತ್ತಿರಲಿಲ್ಲ.

ಅದೇ ವಾರ ಹೊರಗಿನ ಯಾವುದೋ ಗುತ್ತಿಗೆ ಕಂಪನಿಯಿಂದ ಟೈ ಕಟ್ಟಿದ ಇಬ್ಬರು ಬಂದರು. ಆಡಿಟ್ ಅಂದರು. ಸರ್ವರ್ ಎಲ್ಲಿದೆ, ಯಾವ ಬೀಗಕ್ಕೆ ಯಾವ ಪಾಸ್‌ವರ್ಡು, ಬಾಗಿಲಿನ ಕಾರ್ಡು ಬಂದ್ ಮಾಡುವುದು ಹೇಗೆ, ಎಲ್ಲ ವಿನಯದಿಂದ ಕೇಳಿದರು. ಬಸವಪ್ರಭುವೋ ಕಲಿಸುವುದೆಂದರೆ ಮುಂದು. ಚಹಾ ತರಿಸಿ, ಕುರ್ಚಿ ಎಳೆದು ಕೂಡಿಸಿ, ಮಗ್ಗಿ ಹೇಳಿಕೊಟ್ಟಂತೆ ಹೇಳಿಕೊಟ್ಟ. ಲ್ಯಾಪ್‌ಟಾಪ್ ಯಾರೂ ಮನೆಗೆ ಒಯ್ಯಕೂಡದು, ಕಂಪನಿ ಬಿಟ್ಟವರು ಒಂದು ಫೈಲನ್ನೂ ಹೊರಗೆ ಸಾಗಿಸಕೂಡದು ಎಂಬ ನಿಯಮ ಮಾಡಿದ್ದು ತಾನೇ ಎಂದು ಹೆಮ್ಮೆಯಿಂದ ತೋರಿಸಿದ. ತಾನು ಕದ್ದು ಪೆನ್‌ಡ್ರೈವ್ ತುಂಬುವುದನ್ನು ಮಾತ್ರ ಹೇಳಲಿಲ್ಲ. ಅವರು ತಲೆಯಾಡಿಸಿ ಎಲ್ಲವನ್ನೂ ಬರೆದುಕೊಂಡರು.

ಮನೆಯಲ್ಲಿ ಈ ಕಥೆ ಹೇಳಿದಾಗ ರೊಟ್ಟಿ ಬಡಿಯುತ್ತಿದ್ದ ತ್ರಿವೇಣಿಯ ಕೈ ನಿಂತಿತು.

"ಅಲ್ರೀ, ಎಲ್ಲಾ ಅವರಿಗೆ ಹೇಳಿಕೊಟ್ಟು ಕುಂತ್ರ ನಾಳಿಗೆ ನಿಮ್ದೇನು ಕೆಲಸ ಅಲ್ಲಿ?"

"ಆಡಿಟ್ ಅದು. ವರ್ಷಾ ಮಾಡ್ತಾರ."

"ಹ್ವಾದ ವರ್ಷ ಯಾರೂ ಬಂದಿರಲಿಲ್ಲಲ್ಲ? ನನಗ್ಯಾಕೋ ಮನಸಿಗೆ ಸರಿ ಅನಸವಲ್ದು ನೋಡ್ರಿ."

"ಟಿಕೆಟ್ ಬಂದಿಲ್ಲ ಅಂದಮ್ಯಾಲೆ ಏನೂ ಆಗಂಗಿಲ್ಲ. ನೀ ಸುಮ್ನಿರು, ರೊಟ್ಟಿ ಹತ್ತತೈತಿ ನೋಡು" ಎಂದ. ನಿಜಕ್ಕೂ ರೊಟ್ಟಿ ಸೀದ ವಾಸನೆ ಬರುತ್ತಿತ್ತು.

ಇತ್ತ ಬೋಜನಿಗೆ ಒಂದು ಕರೆ ಬಂದಿತ್ತು. ಸೂರ್ ಪಟ್ಟಣದ ಹತ್ತಿರ ಅನಿಲದ ಸ್ಥಾವರವಿದೆಯಲ್ಲ, ಅಲ್ಲಿ ಗುತ್ತಿಗೆ ಹಿಡಿದ ಒಂದು ಕಂಪನಿಗೆ ಸ್ಟೋರ್ಸ್ ನೋಡುವವನು ಬೇಕಿತ್ತು. ಹುದ್ದೆ ಭದ್ರ, ಮಂಗಳವಾರದೊಳಗೆ ಹೂಂ ಅಥವಾ ಊಹೂಂ ಹೇಳಬೇಕು. ಆದರೆ ಕೆಲಸ ಬದಲಿಸಲು ಈಗಿನ ಕಫೀಲ್, ಎಂದರೆ ವೀಸಾ ಕೊಟ್ಟ ಮಾಲೀಕ, ತನ್ನ ಅಭ್ಯಂತರವಿಲ್ಲವೆಂದು ಎನ್‌ಒಸಿ ಬರೆದುಕೊಡಬೇಕು. ತಾವಾಗಿ ಹೋಗುವವರಿಗೆ ಕಂಪನಿ ಆಗ ನಗುನಗುತ್ತ ಬರೆದುಕೊಡುತ್ತಿತ್ತು. ಕಂಪನಿಯೇ ತೆಗೆದರೆ ಮಾತ್ರ ಅದು ಸಿಗದು. ವೀಸಾ ರದ್ದು, ದೇಶ ಬಿಡಬೇಕು, ಎರಡು ವರ್ಷ ಒಮಾನಿನ ಕಡೆ ತಲೆ ಹಾಕುವಂತಿಲ್ಲ. ಹೆಂಡತಿ ವಿನೋದಾ ಹೋಗುವಾ ಎನ್ನುತ್ತಿದ್ದಳು. ಮಗಳು ಪ್ರಣೀತಾ ಶಾಲೆ ಬದಲಿಸಬೇಕೆಂದು ಅಳುತ್ತಿದ್ದಳು. ಬೋಜನ ಜೀವ ಎರಡರ ನಡುವೆ ತೂಗಾಡುತ್ತಿತ್ತು.

ಮಂಗಳವಾರ ಸಂಜೆ ಮೂರನೆಯ ಆಲ್ಬಮ್ ಹಾಡುತ್ತಿತ್ತು. ಬೆಟ್ಟದ ಏರಿನಲ್ಲಿ ಬೋಜ ಕೈ ಚಾಚಿ ಸದ್ದು ಪೂರ್ತಿ ತಗ್ಗಿಸಿದ. ಹಾಗೆ ಅವನೆಂದೂ ಮಾಡಿದವನಲ್ಲ.

"ಅಣ್ಣ, ಕಾರಲ್ಲಿ ಆಫೀಸಿನ ಸುದ್ದಿ ಮಾತಾಡಬಾರದು, ನನಗೆ ಗೊತ್ತುಂಟು. ಇದೊಂದು ಸಲ ಕೇಳ್ತೇನೆ. ಸೂರಿನವರಿಗೆ ಇವತ್ತು ಹೇಳಬೇಕು. ನಾನು ಹೋಗಲಾ, ಇಲ್ಲೇ ಇರಲಾ? ನೀವು ಹೇಳಿದ ಹಾಗೆ ಮಾಡ್ತೇನೆ."

ಹಿಂದಿನಿಂದ ಗ್ರೆಟ್ಟಾ, ಯಾರೂ ಕೇಳದಿದ್ದರೂ, ಮೆಲ್ಲಗೆ ಹೇಳಿದಳು: "ಸೂರು ಚಂದ ಉಂಟು ಬೋಜ. ಸಮುದ್ರ, ದೋಣಿ, ಎಲ್ಲ ನಿಮ್ಮ ಮೂಲ್ಕಿ ಹಾಗೇ. ವಿನೋದಾಗೆ ಖುಷಿ ಆಗ್ತದೆ."

"ನೀವೇ ಹೋಗಿ ಗ್ರೆಟ್ಟಕ್ಕ, ಮೀನು ಕಳಿಸಿ ನನಗೆ" ಎಂದು ಬೋಜ ತಿರುಗಿ ನಕ್ಕು, ಮತ್ತೆ ಬಸವಪ್ರಭುವಿನ ಮುಖ ನೋಡತೊಡಗಿದ.

ಬಸವಪ್ರಭುವಿಗೆ ಎದೆ ಉಬ್ಬಿತೆಂದರೆ ಸುಳ್ಳಲ್ಲ. ಎರಡು ವರ್ಷದಿಂದ ಕೆಟ್ಟ ಸುದ್ದಿಯನ್ನೇ ಹೊಟ್ಟೆಯಲ್ಲಿಟ್ಟು ತಿರುಗಿದವನಿಗೆ, ಒಂದು ಒಳ್ಳೆಯ ಸುದ್ದಿ ಹೇಳುವ ಯೋಗ ಬಂದಿತ್ತು. ಬಾಯಿ ಬಿಟ್ಟರೆ ತಪ್ಪಿಲ್ಲ, ಹೇಳಲು ಯಾರ ಹೆಸರೂ ಇಲ್ಲವಲ್ಲ! ಅಲ್ಲದೆ ಈ ಹುಡುಗ ಸೂರಿಗೆ ಹೋದರೆ ಮುಂದಿನ ಸೀಟು ಖಾಲಿಯಾಗುತ್ತದೆ, ಹಾಡಿಗೆ ಕುಹಕವಾಡುವವರು ಇರುವುದಿಲ್ಲ. ಅದೂ ಅವನ ಮನಸ್ಸಿನ ಮೂಲೆಯಲ್ಲಿ ಇತ್ತು.

"ಒಂದು ಟಿಕೆಟ್ ಬಂದಿಲ್ಲೋ ತಮ್ಮಾ. ನಿಂದೂ ಇಲ್ಲ, ಯಾರ್ದೂ ಇಲ್ಲ. ನನಗ ತಿಳೀಲಾರದ ಆ ಆಫೀಸಿನ್ಯಾಗ ಒಂದು ಎಲಿ ಸುದ್ದಾ ಅಲ್ಲಾಡಂಗಿಲ್ಲ. ಸೂರೂ ಬ್ಯಾಡ ಗೀರೂ ಬ್ಯಾಡ, ಕೂಸಿನ್ನ ಯಾಕ ಅಳಸ್ತಿ? ಇಲ್ಲೇ ಇರು."

"ಖಂಡಿತ ಅಲ್ಲವಾ?"

"ಬರದಕೊಡ್ಲೇನು?"

ಬೋಜ ಅಲ್ಲೇ ಫೋನ್ ತೆಗೆದು ಸೂರಿನವರಿಗೆ ಬರುವುದಿಲ್ಲವೆಂದು ಹೇಳಿಬಿಟ್ಟ. ಹೇಳಿ ಮುಗಿಸಿ, 'ಉಸ್ಸಪ್ಪ' ಎಂದು ಸೀಟಿಗೊರಗಿ, ತಾನೇ ಹಾಡಿನ ಸದ್ದು ಹೆಚ್ಚಿಸಿದ. ಹಿಂದೆ ಗ್ರೆಟ್ಟಾಳ ಜಪಸರದ ಮಣಿಗಳ ಸದ್ದು ನಿಂತುಹೋಗಿತ್ತು.

ಬುಧವಾರ ಮಧ್ಯಾಹ್ನ ಅವಳು ಬಸವಪ್ರಭುವಿನ ಕೋಣೆಗೆ ಬಂದಳು. ಎಂದೂ ಆ ಕಡೆ ಸುಳಿಯದವಳು ಬಾಗಿಲಲ್ಲೇ ನಿಂತು, ಮೇಜಿನ ಮೇಲೆ ಹರಡಿದ್ದ ಪೆನ್‌ಡ್ರೈವುಗಳನ್ನು ನೋಡಿದಳು.

"ಪ್ರಭು ಸರ್, ನೀವು ಎಲ್ಲರ ಫೋಟೋ ತೆಗೆದು ಕೊಡ್ತೀರಲ್ಲ. ನಿಮ್ಮದು ಯಾರು ತೆಗಿತಾರೆ?"

"ನಂದು ನನ್ನ ಕೈಯಾಗ ಐತಲ್ರೀ ಮೇಡಂ!" ಎಂದು ಅವನು ಲ್ಯಾಪ್‌ಟಾಪಿನ ಬೆನ್ನು ತಟ್ಟಿದ. "ಶಾಲ್ಮಲಾ ಹುಟ್ಟಿದಾಗಿಂದ ಎಲ್ಲಾ ಇದರಾಗ ಐತಿ. ಹಾಡಂತೂ ಕೇಳಬ್ಯಾಡ್ರಿ, ಹನ್ನೊಂದು ವರ್ಷದ ಗಂಟು."

"ಒಂದು ಕಾಪಿ ಮನೆಗೆ ತಗೊಂಡು ಹೋಗಿ ಸರ್. ಇವತ್ತೇ."

"ಮನೀಗೆ ಒಯ್ಯೂ ಹಂಗಿಲ್ರೀ, ನಾನ ರೂಲ್ ಮಾಡಿ ನಾನ ಮುರಿದ್ರ ಹೆಂಗ? ನಿಮ್ದೇನರ ಕಾಪಿ ಆಗಬೇಕಿತ್ತೇನು? ಸಂಕೋಚ ಮಾಡಬ್ಯಾಡ್ರಿ."

ಗ್ರೆಟ್ಟಾ ತಲೆಯಾಡಿಸಿ ಬಾಗಿಲಿನಿಂದ ಹಿಂದೆ ಸರಿದಳು. ಅವಳ ಬಾಯಿಗೂ ಅದೇ ಬೀಗ, ಇವನಿಗೆ ಹಾಕಿದ್ದೇ. ಮಂಗಳೂರಿನಲ್ಲಿ ಅವಳ ಗಂಡ ಆಲ್ಫ್ರೆಡ್ ಹೃದಯದ ಆಪರೇಷನ್ ಆಗಿ ಮನೆಯಲ್ಲಿದ್ದ. ಈ ಒಂದು ಕೆಲಸದ ಮೇಲೆ ಆ ಮನೆ ನಿಂತಿತ್ತು. ಇದಕ್ಕಿಂತ ಬಿಡಿಸಿ ಹೇಳುವ ಧೈರ್ಯ ಅವಳಿಗೆಲ್ಲಿಂದ ಬರಬೇಕು? ಎಷ್ಟೋ ಜನರಿಗೆ 'ಅಪ್‌ಡೇಟ್ ಮಾಡೂದೈತಿ' ಎಂದು ಸುಳ್ಳು ಹೇಳಿ ಸೂಚನೆ ಕೊಟ್ಟವನು, ತನಗೆ ಬಂದ ಸೂಚನೆಯನ್ನು ಮಾತ್ರ ಗುರುತಿಸದೆ ಹೋದ. ಅವಳು ಹೋದ ಮೇಲೆ, ಪಾಪ ಮೇಡಮ್ಮನಿಗೆ ಏನೋ ಕಷ್ಟವಿರಬೇಕೆಂದು ಮರುಗಿ, ಅವಳಿಗೂ ಹತ್ತು ಆಲ್ಬಮ್ ಹಾಕಿಕೊಡಬೇಕೆಂದುಕೊಂಡ.

ಅಂದು ಸಂಜೆ ಎರಡನೆಯದು. ಡೆನ್ಮಾರ್ಕಿನ ಅಣ್ಣತಂಗಿಯರು ಅವರವರ ಊರಿನಿಂದ ಒಬ್ಬರಿಗೊಬ್ಬರು ಫೋನಿನಲ್ಲಿ ಹಾಡಿ ಕಳಿಸಿದ್ದು. ಎಲ್ಲ ಹಾಡೂ ಅರ್ಧಕ್ಕೇ ನಿಲ್ಲುತ್ತಿತ್ತು. ಬೆಟ್ಟದ ನೆತ್ತಿಯಲ್ಲಿ ಗ್ರೆಟ್ಟಾ ಮುಂದಕ್ಕೆ ಬಾಗಿದಳು.

"ಸರ್, ಒಂದನೇದು ಇವತ್ತೇ ಹಾಕಿ."

"ಏ, ಅದ್ಹೆಂಗಾಕ್ಕೈತ್ರಿ! ನಾಳಿ ಗುರುವಾರ ಬರತೈತಲ್ಲ."

"ಹೆಸರಾದರೂ ಹೇಳಿ. ಏನು ಉಂಟು ಅದರಲ್ಲಿ?"

ನಿಯಮ ಮುರಿಯುವುದು ಅವನ ಜಾಯಮಾನವಲ್ಲ. ಆದರೆ ತನ್ನ ಸಂಗೀತದ ಬಗ್ಗೆ ಕೇಳಿದವರೇ ಇಲ್ಲವಾದ್ದರಿಂದ ಕರಗಿದ. ನಾರ್ವೆಯ ಕಡಲ ತೀರದ ಎಣ್ಣೆಯ ಊರೊಂದರ ಹುಡುಗಿ, ಅವಳ ಅಪ್ಪ ಸಮುದ್ರದ ನಡುವಿನ ಬಾವಿಯಲ್ಲಿ ಕೆಲಸಕ್ಕಿದ್ದವನು. ಅಲ್ಲಿಯೂ ಬೆಲೆ ಬಿದ್ದು ಅವನನ್ನು ತೆಗೆದರು. ಅಪ್ಪ ಮನೆಗೆ ತಂದ ಹೆಲ್ಮೆಟ್ಟನ್ನು ಎಲ್ಲಿಡಬೇಕೆಂದು ತಿಳಿಯದೆ ಅಡುಗೆಮನೆಯಲ್ಲಿ ನಿಂತಿರುವುದರ ಮೇಲೆ ಅವಳು ಇಂಗ್ಲಿಷಿನಲ್ಲೊಂದು ಹಾಡು ಕಟ್ಟಿದ್ದಳು. ಬಸವಪ್ರಭು ಅದಕ್ಕೆ 'ದೀಪ ಆರಿಸಿದ ಬಾವಿ' ಎಂದು ಹೆಸರಿಟ್ಟಿದ್ದ.

"ಹದಿನೇಳು ಸಲ ಕೇಳೇನ್ರೀ, ಪ್ರತಿ ಸಲ ಮೈಮ್ಯಾಲೆ ಮುಳ್ಳು ಏಳತಾವು" ಎಂದ. ಬೋಜ ಕೂಡ ಅಂದು ತಮಾಷೆ ಮಾಡಲಿಲ್ಲ. ಮನೆಯ ಮುಂದೆ ಇಳಿಯುವಾಗ ಗ್ರೆಟ್ಟಾ ಬಾಗಿಲು ಹಿಡಿದು ನಿಂತು, ನಾಳೆ ತಾನು ಬರುವುದಿಲ್ಲ, ಟ್ಯಾಕ್ಸಿಯಲ್ಲಿ ಹೋಗುತ್ತೇನೆ ಎಂದಳು. ಇಬ್ಬರ ಮುಖವನ್ನೂ ನೋಡಲಿಲ್ಲ.

ಗುರುವಾರ ಬೆಳಿಗ್ಗೆ ಬಸವಪ್ರಭು ಉಲ್ಲಾಸದಲ್ಲಿದ್ದ. ಬೋಜ ಸ್ಟೋರ್ಸಿನ ಕಡೆ ಹೋದ, ಇವನು ಮುಖ್ಯ ಬಾಗಿಲಿಗೆ ಬಂದ. ಕಾರ್ಡು ಒತ್ತಿದ. ಕೆಂಪು ದೀಪ. ಅಂಗಿಗೆ ಒರೆಸಿ ಮತ್ತೆ ಒತ್ತಿದ. ಕೆಂಪು. ಯಂತ್ರ ಕೆಟ್ಟಿರಬೇಕು, ಸರಿ ಮಾಡಬೇಕಾದವನು ತಾನೇ ಎಂದುಕೊಂಡು ಮೂರನೆಯ ಸಲ ಒತ್ತುವಾಗ, ಒಳಗಿನಿಂದ ಮುದುಕ ಕಾವಲುಗಾರ ಎದ್ದು ಬಂದ. ದಿನಾ ಸಲಾಂ ಹೇಳಿ ಖರ್ಜೂರ ಕೊಡುವ ಮನುಷ್ಯ. ಗಾಜಿನ ಆಚೆ ನಿಂತು ತಲೆ ತಗ್ಗಿಸಿ, "ಖಲಾಸ್, ಸದೀಕ್" ಎಂದ. ಮುಗಿಯಿತು, ಗೆಳೆಯಾ.

ಆಗ ಅವನ ಕಾಲಿನ ಕೆಳಗಿನ ನೆಲ ಬಿರಿಯಿತು. ಟಿಕೆಟ್ ಬಾರದೆ ಇದ್ದದ್ದು ಯಾಕೆ, ಆಡಿಟ್ ಅಂದರೆ ಏನು, ಗ್ರೆಟ್ಟಾ ಬಾಗಿಲಲ್ಲಿ ನಿಂತು ಕೇಳಿದ್ದು ಏನು, ಎಲ್ಲ ಒಂದೇ ಏಟಿಗೆ ಹೊಳೆಯಿತು. ಅಯ್ಯೋ ಶಿವನೇ, ಟಿಕೆಟ್ ಬಂದಿತ್ತು. ಇವನ ಕಂಪ್ಯೂಟರಿಗಲ್ಲ, ಆ ಟೈ ಕಟ್ಟಿದವರ ಕೈಗೆ ಬಂದಿತ್ತು. ಎಚ್.ಆರ್. ಸಾಹೇಬರು ಬಾಗಿಲಿಗೇ ಬಂದು ಲಕೋಟೆ ಕೊಟ್ಟರು; ಕಂಪ್ಯೂಟರ್ ವಿಭಾಗವನ್ನು ಹೊರಗಿನವರಿಗೆ ವಹಿಸಿದೆ ಎಂದರು. ಟೈ ಕಟ್ಟಿದ ಇಬ್ಬರಲ್ಲಿ ಒಬ್ಬ ಪಕ್ಕದಲ್ಲಿ ನಿಂತಿದ್ದ. ಬಸವಪ್ರಭು ಸಂಬಳ ಕೇಳಲಿಲ್ಲ, ರಜೆ ಕೇಳಲಿಲ್ಲ. ತನ್ನ ಲ್ಯಾಪ್‌ಟಾಪಿನಲ್ಲಿ ಮಗಳ ಫೋಟೋಗಳಿವೆ, ಅಷ್ಟು ಕೊಟ್ಟುಬಿಡಿ ಎಂದು ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ, ಕೊನೆಗೆ ಗೊತ್ತಿದ್ದ ಅರಬ್ಬಿಯಲ್ಲಿ ಬೇಡಿದ. ಟೈಯವನು ಕೆಟ್ಟವನೇನಲ್ಲ, ಅವನ ಮುಖವೂ ಪೆಚ್ಚಾಗಿತ್ತು. "ಸರ್, ಒಂದು ಫೈಲೂ ಹೊರಗೆ ಹೋಗಬಾರದೆಂದು ನೀವೇ ಹೇಳಿಕೊಟ್ಟಿರಲ್ಲ" ಎಂದ.

ಅಷ್ಟರಲ್ಲಿ ಸ್ಟೋರ್ಸಿನ ಕಡೆಯಿಂದ ಬೋಜ ನಡೆದು ಬಂದ. ಅವನ ಕೈಯಲ್ಲೂ ಅದೇ ಬಿಳಿ ಲಕೋಟೆ.

ಇಬ್ಬರೂ ಕಾರಿನ ಹತ್ತಿರ ಬಂದರು. ಬಸವಪ್ರಭು ಅಭ್ಯಾಸದಂತೆ ಮುಂದಿನ ಬಾಗಿಲಿನ ಬೀಗ ತೆಗೆದ. ಬೋಜ ಹಿಂದಿನ ಬಾಗಿಲು ತೆರೆದು, ಗ್ರೆಟ್ಟಾ ಕೂರುವ ಜಾಗದಲ್ಲಿ ಕೂತ. ಬೆಳಗಿನ ಬಿಸಿಲು ಆಗಲೇ ಬೆಟ್ಟಕ್ಕೆ ಹೊಡೆಯುತ್ತಿತ್ತು. ಆ ಹೊತ್ತಿನಲ್ಲಿ ಆ ದಾರಿಯಲ್ಲಿ ಮನೆಯ ಕಡೆಗೆ ಹೋಗುವವರು ಅವರಿಬ್ಬರೇ. ಏರು ಶುರುವಾದಾಗ ಬೋಜ ಸೂರಿಗೆ ಫೋನ್ ಮಾಡಿದ. ಹಲೋ, ನಾನು ಬೋಜ, ಮೊನ್ನೆ ಮಾತಾಡಿದವನು, ಎಂದ. ಆ ಕಡೆಯವರು ಹೇಳಿದ್ದನ್ನು ಕೇಳಿಸಿಕೊಂಡ. ಕೊನೆಗೆ, ಪರವಾಗಿಲ್ಲ ಸರ್, ಎಂದು ಫೋನ್ ಇಟ್ಟ.

"ಆಳು ಸಿಕ್ಕಿದನಂತೆ" ಎಂದ.

ಬ್ರೇಕ್ ತಪ್ಪಿದವರ ಜಲ್ಲಿಯ ಪಕ್ಕದಾರಿ ಎಡಕ್ಕೆ ಬಂತು, ಹೋಯಿತು.

"ಹಾಕಿ ಅಣ್ಣ. ಒಂದನೇ ನಂಬರ್ ಇವತ್ತಲ್ಲವಾ?"

"ಇಲ್ಲೋ ತಮ್ಮಾ" ಎಂದ ಬಸವಪ್ರಭು. "ಅದು ಒಳಗ ಉಳೀತು. ಎಲ್ಲಾ ಅಲ್ಲೇ ಉಳೀತು." ನಾರ್ವೆಯ ಆ ಹುಡುಗಿ, ಅವಳ ಅಪ್ಪನ ಹೆಲ್ಮೆಟ್ಟು, ಶಾಲ್ಮಲಾ ಮೊದಲ ಹೆಜ್ಜೆ ಇಟ್ಟದ್ದು, ಎಲ್ಲವೂ ಆ ಗಾಜಿನ ಬಾಗಿಲ ಹಿಂದೆ. ಈಗ ಅವನು ಅಳುತ್ತಿದ್ದ, ಮರೆಮಾಚಲೂ ಇಲ್ಲ. "ನನ್ನ ಮಾತು ಕೇಳಿ ನೀ ಕೆಟ್ಟಿಯಲ್ಲೋ. ನನಗ ಟಿಕೆಟ್ ಬಂದಿರಲಿಲ್ಲ ತಮ್ಮಾ, ದೇವ್ರಾಣಿ ಬಂದಿರಲಿಲ್ಲ."

ಕನ್ನಡಿಯಲ್ಲಿ ಬೋಜನ ಕಣ್ಣು ಕಂಡಿತು. ಅದರಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು.

"ನಾನು ಟಿಕೆಟನ್ನು ಕೇಳಿದ್ದಲ್ಲ ಅಣ್ಣ" ಎಂದ. "ನಿಮ್ಮನ್ನು ಕೇಳಿದ್ದು."

ಆಮೇಲೆ ಅವನು ಮುಖ ತಿರುಗಿಸಿ ಕಿಟಕಿಯ ಕಡೆ ನೋಡತೊಡಗಿದ. ಪೆನ್‌ಡ್ರೈವಿನಲ್ಲಿ ನಿನ್ನೆಯ ಎರಡನೆಯ ಆಲ್ಬಮ್ ಇನ್ನೂ ಇತ್ತು. ಬಸವಪ್ರಭು ಅದನ್ನು ಹಾಕಲಿಲ್ಲ. ಕಾರು ನೆತ್ತಿ ದಾಟಿ ಅಮೇರಾತ್ ಕಡೆಯ ಇಳಿಜಾರಿಗೆ ಬಿತ್ತು, ಅವನು ಗೇರು ತಗ್ಗಿಸಿ ಬ್ರೇಕಿನ ಮೇಲೆ ಕಾಲಿಟ್ಟ.